ಮಳೆಗಾಲದ ಸಾಲ ಬೇಸಿಗೆಯಲ್ಲೇ ಹುಟ್ಟುತ್ತದೆ

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಬಾಡಿಗೆ ಮನೆ. ಮನೆಯವರು ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾರೆ. ನಾನು ಬಟ್ಟೆ ಹೊಲಿಯುತ್ತೇನೆ, ಕುಯ್ಲಿನ ಸಮಯದಲ್ಲಿ ನಾನೂ ತೋಟಕ್ಕೆ ಹೋಗುತ್ತೇನೆ. ಇಬ್ಬರು ಮಕ್ಕಳು ಶಾಲೆಯಲ್ಲಿದ್ದಾರೆ. ಅಕ್ಟೋಬರಿನಿಂದ ಮೇವರೆಗೆ ತಿಂಗಳಿಗೆ ಸುಮಾರು 18,000 ರೂಪಾಯಿ ಬರುತ್ತದೆ, ಜೂನಿನಿಂದ ಸೆಪ್ಟೆಂಬರಿನವರೆಗೆ 10,000 ದಾಟುವುದಿಲ್ಲ. ಪ್ರತಿ ವರ್ಷ ಮಳೆ ಮುಗಿಯುವ ಹೊತ್ತಿಗೆ ಸಾಲ ಆಗಿರುತ್ತದೆ. ಈ ಸಲ ದಿನಸಿ ಅಂಗಡಿಗೆ 12,000 ಕೊಡಬೇಕು, ಕೈಸಾಲ 6,000 ಇದೆ, ಅದಕ್ಕೆ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ತಿಂಗಳಿಗೆ ಹಾಲಿಗೆ 1,500, ಬೇಕರಿ ತಿಂಡಿ ಮತ್ತು ಹೊರಗಿನ ಚಹಾಕ್ಕೆ 1,600, ಮೂರು ಮೊಬೈಲಿಗೆ 900 ಹೋಗುತ್ತದೆ. ಗ್ಯಾಸ್ ಸಿಲಿಂಡರ್ 32 ದಿನ ಬರುತ್ತದೆ. ಎಲ್ಲಿ ಕಡಿಮೆ ಮಾಡಬೇಕು? ವಾರದ ಕಂತಿನ 20,000 ಸಾಲ ತೆಗೆದು ಎಲ್ಲವನ್ನೂ ಒಮ್ಮೆಗೇ ತೀರಿಸಿಬಿಡಲೇ? ಕಂತಿನಲ್ಲಿ ಫ್ರಿಜ್ ತೆಗೆದುಕೊಂಡರೆ ಉಳಿತಾಯ ಆಗುತ್ತದೆಯೇ?

ಉತ್ತರ: ನೀವು ಬರೆದ ಅಂಕಿಗಳನ್ನು ತಿಂಗಳ ಲೆಕ್ಕವಾಗಿ ನೋಡಬೇಡಿ, ವರ್ಷದ ಲೆಕ್ಕವಾಗಿ ಕೂಡಿಸಿ. ಎಂಟು ತಿಂಗಳು 18,000ದಂತೆ 1,44,000. ನಾಲ್ಕು ತಿಂಗಳು 10,000ದಂತೆ 40,000. ಒಟ್ಟು 1,84,000. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 15,300ರ ಮೇಲೆ ಸ್ವಲ್ಪ. ಒಳ್ಳೆಯ ತಿಂಗಳುಗಳಲ್ಲಿ 18,000 ಪೂರ್ತಿ ಖರ್ಚಾಗುತ್ತಿದೆ ಅನ್ನಿಸಿದರೂ ಅದರಲ್ಲಿ 2,000ಕ್ಕೂ ಹೆಚ್ಚು ಹಿಂದಿನ ಮಳೆಗಾಲದ ಸಾಲಕ್ಕೇ ಹೋಗುತ್ತಿದೆ. ಅಂದರೆ ನಿಮ್ಮ ಮನೆಯ ನಿಜವಾದ ಖರ್ಚು ತಿಂಗಳಿಗೆ 15,500ರ ಆಸುಪಾಸು. ವರ್ಷದ ಆದಾಯಕ್ಕೂ ವರ್ಷದ ಖರ್ಚಿಗೂ ಹೆಚ್ಚು ಅಂತರ ಇಲ್ಲ. ನೀವು ದುಂದುಗಾರರಲ್ಲ, ಒಂದು ಹಂಗಾಮು ಹಿಂದೆ ಬಿದ್ದಿದ್ದೀರಿ, ಅಷ್ಟೆ. ಈ ವರ್ಷದ ಕುಯ್ಲಿನ ದುಡ್ಡು ಹೋದ ಮಳೆಗಾಲದ ಅನ್ನಕ್ಕೆ ಹೋಗುತ್ತಿದೆ. ಅದು ಮುಂದಿನ ಮಳೆಗಾಲದ ಅನ್ನಕ್ಕೆ ಹೋಗುವಂತಾಗಬೇಕು. ಅಂಗಡಿಯದೂ ಕೈಸಾಲವೂ ಸೇರಿದ ಆ 18,000 ಸಾಲವನ್ನು ಒಂದೇ ಒಂದು ಸಲ ದಾಟಿಬಿಟ್ಟರೆ ಈ ಚಕ್ರ ನಿಲ್ಲುತ್ತದೆ.

ದಾಟುವುದು ಹೇಗೆ? ತಿಂಗಳ ಖರ್ಚಿನಲ್ಲಿ 1,750 ಕಡಿಮೆ ಮಾಡಿ 13,750ಕ್ಕೆ ನಿಲ್ಲಿಸಬೇಕು. ಆಗ ಎಂಟು ತಿಂಗಳು 4,250ರಂತೆ 34,000 ಉಳಿಯುತ್ತದೆ. ಸಾಲ 18,000 ಕಳೆದರೆ 16,000. ಮಳೆಯ ನಾಲ್ಕು ತಿಂಗಳಿಗೆ ಕೊರತೆ 3,750ರಂತೆ 15,000. ಲೆಕ್ಕ ಬಿಗಿ, ಆದರೆ ಹೊಂದುತ್ತದೆ. ತಿಂಗಳಿಗೆ 4,250 ಎಂದರೆ ಭಯವಾಗಬಹುದು. ಬಟವಾಡೆ ವಾರಕ್ಕೊಮ್ಮೆ ಆಗುವುದಾದರೆ ವಾರಕ್ಕೆ 1,000 ಎಂದು ಇಟ್ಟುಕೊಳ್ಳಿ. ಸಂತೆಗೆ ಹೋಗುವ ಮೊದಲು ಅದು ಕೈಯಿಂದ ಬೇರೆಯಾಗಬೇಕು. ಸಂತೆಯಿಂದ ಬಂದ ಮೇಲೆ ಉಳಿದದ್ದನ್ನು ಎತ್ತಿಡುತ್ತೇವೆ ಎಂದರೆ ಏನೂ ಉಳಿಯುವುದಿಲ್ಲ. ಕುಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಹೆಚ್ಚು ಕುಯ್ದು ಹೆಚ್ಚು ಬಂದ ವಾರ ಆ ಹೆಚ್ಚುವರಿ ಪೂರ್ತಿ ಈ ಕಡೆಗೇ ಬರಲಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಅಥವಾ ಕೆಲಸ ಸಿಗದ ವಾರ 500 ಇಟ್ಟರೂ ನಡೆಯುತ್ತದೆ.

ಮೊದಲು ತೀರಬೇಕಾದ್ದು ಕೈಸಾಲ. ನೂರಕ್ಕೆ ತಿಂಗಳಿಗೆ 5 ಎಂದರೆ ವರ್ಷಕ್ಕೆ 60. 6,000ಕ್ಕೆ ತಿಂಗಳಿಗೆ 300 ಸುಮ್ಮನೆ ಹೋಗುತ್ತಿದೆ. ಅಕ್ಟೋಬರ್, ನವೆಂಬರ್ ಎರಡು ತಿಂಗಳ ಉಳಿತಾಯ ಪೂರ್ತಿ ಅದಕ್ಕೇ ಹಾಕಿ ಮುಗಿಸಿ. ಅಂಗಡಿಯವರಿಗೆ ಈಗಲೇ ಹೋಗಿ ಹೇಳಿ: ಡಿಸೆಂಬರಿನಿಂದ ತಿಂಗಳಿಗೆ 4,000ದಂತೆ ಮೂರು ಕಂತಿನಲ್ಲಿ ಮುಗಿಸುತ್ತೇವೆ, ಅಲ್ಲಿಯವರೆಗೆ ಹೊಸ ಸಾಮಾನು ನಗದು. ಹೇಳದೆ ಬೇರೆ ಅಂಗಡಿಗೆ ಹೋಗಲು ಶುರು ಮಾಡಿದರೆ ನಂಬಿಕೆ ಕೆಡುತ್ತದೆ. ಸಾಲದ ಪುಸ್ತಕದಲ್ಲಿ ಬರೆಸಿ ತಂದರೆ ಬೆಲೆ ಕೇಳುವ ಬಾಯಿ ಇರುವುದಿಲ್ಲ, ಚಿಕ್ಕ ಪ್ಯಾಕೆಟ್ಟುಗಳು ಬರುತ್ತವೆ. ಆ ನಷ್ಟ ಬಡ್ಡಿಯ ಹೆಸರಿನಲ್ಲಿ ಕಾಣುವುದಿಲ್ಲ, ಆದರೆ ಇದೆ.

ವಾರದ ಕಂತಿನ ಸಾಲ ಬೇಡ. 20,000ಕ್ಕೆ ಶೇ. 12 ಬಡ್ಡಿ ಎಂದು ಹೇಳಿ ಪೂರ್ತಿ ಮೊತ್ತಕ್ಕೆ ಬಡ್ಡಿ ಹಾಕಿದರೆ 22,400, ಅದನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ 431. ಆದರೆ ಅಸಲು ವಾರವಾರವೂ ಇಳಿಯುತ್ತಿರುವಾಗ ಬಡ್ಡಿ ಮಾತ್ರ ಇಳಿಯುವುದಿಲ್ಲ, ಹಾಗಾಗಿ ನಿಜವಾದ ದರ ಶೇ. 22 ದಾಟುತ್ತದೆ. ಯಾವ ಸಾಲ ತೆಗೆದುಕೊಳ್ಳುವಾಗಲೂ ‘ಬಡ್ಡಿ ಇಳಿಯುವ ಅಸಲಿನ ಮೇಲೋ, ಪೂರ್ತಿ ಮೊತ್ತದ ಮೇಲೋ’ ಎಂದು ಕೇಳಿ. ನಿಮ್ಮ ವಿಷಯದಲ್ಲಿ ದರಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಜುಲೈ ತಿಂಗಳ ಜಡಿಮಳೆಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕಾಗಲೂ ಆ 431 ಕಟ್ಟಲೇಬೇಕು. ಅದನ್ನು ಕಟ್ಟಲು ಮತ್ತೆ ಕೈಸಾಲ ಮಾಡುತ್ತೀರಿ. ಆದಾಯ ಹಂಗಾಮಿನದಾದರೆ ಕಂತೂ ಹಂಗಾಮಿನದೇ ಆಗಿರಬೇಕು.

ಉಳಿಸಿದ ದುಡ್ಡು ಎಲ್ಲಿಡಬೇಕು ಎಂಬುದೂ ಮುಖ್ಯ. ಡಬ್ಬಿಯಲ್ಲಿಟ್ಟರೆ ಏಪ್ರಿಲ್-ಮೇ ತಿಂಗಳ ಮದುವೆಗಳಿಗೆ ಹೋಗಿಬಿಡುತ್ತದೆ. ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) 5 ವರ್ಷದ್ದು, ನಿಮ್ಮ ಈ ಉದ್ದೇಶಕ್ಕೆ ಆಗುವುದಿಲ್ಲ. ಹಲವು ಬ್ಯಾಂಕುಗಳಲ್ಲಿ 6 ತಿಂಗಳಿನಿಂದಲೇ ಆರ್‌ಡಿ ಕಟ್ಟಬಹುದು. ಕೈಸಾಲ ತೀರಿದ ಕೂಡಲೇ ಡಿಸೆಂಬರಿನಲ್ಲಿ ಸಣ್ಣದಾಗಿ ಒಂದು ಶುರು ಮಾಡಿ, ಜೂನಿನಲ್ಲಿ ಕೈಗೆ ಬರುವಂತೆ ಅವಧಿ ಹಾಕಿಸಿ. ಮಾರ್ಚಿನಿಂದ ಅಂಗಡಿ ಕಂತು ಮುಗಿದ ಮೇಲೆ ಉಳಿದದ್ದನ್ನು ಉಳಿತಾಯ ಖಾತೆಗೇ ಹಾಕುತ್ತಾ ಹೋಗಿ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ತಿಂಗಳ ಖರ್ಚಿಗೆ ನಂಬಿಕೊಳ್ಳಬೇಡಿ. ಕಂತು ತಡವಾಗಿ, ಕೆಲವೊಮ್ಮೆ ಎರಡು ಒಟ್ಟಿಗೆ ಬರುವುದುಂಟು. ಅದು ಬಂದಾಗ ಶಾಲೆಯ ಖರ್ಚಿಗೆ, ಮಳೆಯ ಸಾಮಾನಿಗೆ ಎಂದು ಪಕ್ಕಕ್ಕಿಡುವುದು ಕ್ಷೇಮ.

ಈಗ ಆ 1,750 ಎಲ್ಲಿಂದ ಬರುತ್ತದೆ ನೋಡೋಣ. ಅಕ್ಕಿ, ಬೇಳೆ, ಮೊಟ್ಟೆಯಲ್ಲಿ ಕೈ ಹಾಕಬೇಡಿ. ಮಕ್ಕಳು ಬೆಳೆಯುವ ವಯಸ್ಸು, ನೀವಿಬ್ಬರೂ ಮೈಮುರಿದು ದುಡಿಯುವವರು. ಹೊಟ್ಟೆಗೆ ಕಡಿಮೆ ಮಾಡಿದ ಉಳಿತಾಯ ಆಸ್ಪತ್ರೆಗೆ ಹೋಗುತ್ತದೆ. ದಿನಕ್ಕೆ ಒಂದು ಲೀಟರ್ ಹಾಲಿನಲ್ಲಿ ಅರ್ಧ ಮಕ್ಕಳಿಗೆ, ಅರ್ಧ ದೊಡ್ಡವರ ಕಾಫಿಗೆ ಹೋಗುತ್ತಿರಬೇಕು. ಕೊಡಗಿನ ಮನೆಗಳಲ್ಲಿ ಬೆಲ್ಲದ ಕಪ್ಪು ಕಾಫಿ ಹೊಸದೇನಲ್ಲ. ದೊಡ್ಡವರು ಅದಕ್ಕೆ ಬಂದು, ಭಾನುವಾರ ಮಾತ್ರ ಇನ್ನೊಂದು ಪ್ಯಾಕೆಟ್ ತಂದರೆ 650 ಉಳಿಯುತ್ತದೆ. ಮಕ್ಕಳ ಅರ್ಧ ಲೀಟರ್ ಹಾಗೇ ಇರಲಿ. ಬೇಕರಿ ಮತ್ತು ಹೊರಗಿನ ಚಹಾದ 1,600 ಅರ್ಧಕ್ಕೆ ಇಳಿಯಬೇಕು. ಪೂರ್ತಿ ನಿಲ್ಲಿಸುತ್ತೇವೆ ಎಂಬ ಶಪಥ ಎರಡನೇ ವಾರ ಮುರಿಯುತ್ತದೆ, ಅರ್ಧ ನಿಲ್ಲುತ್ತದೆ. ಮೂರನೇ ಮೊಬೈಲಿಗೆ ಬರೀ ಮಾತಿನ ಪ್ಲಾನ್ ಸಾಕು, ನೂರು ರೂಪಾಯಿ ಉಳಿಯುತ್ತದೆ. ಉಳಿದ 200 ಗ್ಯಾಸಿನಿಂದ ಬರಬೇಕು. ಅದಕ್ಕೆ ಸ್ವಲ್ಪ ವಿವರ ಬೇಕು.

ನಾಲ್ಕು ಜನಕ್ಕೆ 14.2 ಕಿಲೋ ಸಿಲಿಂಡರ್ 32 ದಿನ ಎಂದರೆ ಸ್ನಾನದ ನೀರು ಗ್ಯಾಸಿನ ಮೇಲೆ ಕಾಯುತ್ತಿದೆಯೇ ಎಂದು ಕೇಳಬೇಕಾಗುತ್ತದೆ. ದಿನಕ್ಕೆ 60 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 250 ಗ್ರಾಂ ಗ್ಯಾಸ್ ಬೇಕು. ತಿಂಗಳಿಗೆ ಅದೇ ಏಳೂವರೆ ಕಿಲೋ, ಅರ್ಧ ಸಿಲಿಂಡರಿಗಿಂತ ಹೆಚ್ಚು. ಮಳೆಯ ದಿನ ಸೌದೆ ಹತ್ತಲಿಲ್ಲ ಎಂದು ಒಂದೊಂದು ಪಾತ್ರೆ ಗ್ಯಾಸಿಗಿಡುವುದೇ ಅಭ್ಯಾಸವಾದರೆ ಸಿಲಿಂಡರ್ ಹೀಗೇ ಕರಗುತ್ತದೆ. ಸ್ನಾನದ ನೀರು ಬಚ್ಚಲು ಒಲೆಗೇ ಸೇರಬೇಕು.

ಅಡುಗೆಯಲ್ಲಿ ಮೊದಲ ಮಾತು ಕಾಳಿನದು. ಘಟ್ಟದ ಎತ್ತರದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಮಡಿಕೇರಿಯ ಎತ್ತರದಲ್ಲಿ 96ರ ಸುತ್ತಮುತ್ತಲೇ ಕುದಿಯುತ್ತದೆ, ಸುಂಟಿಕೊಪ್ಪದಲ್ಲಿ ಒಂದು ಡಿಗ್ರಿ ಹೆಚ್ಚಿರಬಹುದು. ಆದ್ದರಿಂದ ತೆರೆದ ಪಾತ್ರೆಯಲ್ಲಿ ಕಡಲೆ, ಅವರೆ, ಅಲಸಂದೆ ಬೇಯಿಸುವುದು ಇಲ್ಲಿ ಬಯಲುಸೀಮೆಗಿಂತ ದುಬಾರಿ. ರಾತ್ರಿಯೇ ಎಂಟು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಕುಕ್ಕರಿನಲ್ಲಿಡಿ. ಮೊದಲ ಸೀಟಿ ಬಂದ ಕೂಡಲೇ ಉರಿಯನ್ನು ಸಿಮ್ಮಿಗೆ ತನ್ನಿ, ಹತ್ತು-ಹನ್ನೆರಡು ನಿಮಿಷ ಬಿಟ್ಟು ಆರಿಸಿ, ಒತ್ತಡ ತಾನಾಗಿ ಇಳಿಯಲಿ. ದೊಡ್ಡ ಉರಿಯಲ್ಲಿ ಆರು ಸೀಟಿ ಹೊಡೆಸಿದರೆ ಬೇಗ ಬೇಯುವುದಿಲ್ಲ. ಹೆಚ್ಚಿನ ಗ್ಯಾಸ್ ಹಬೆಯಾಗಿ ಹೊರಗೆ ಹೋಗುತ್ತದೆ, ಒಳಗಿನ ಬಿಸಿ ಅಷ್ಟೇ ಇರುತ್ತದೆ. ಇಷ್ಟಾದರೂ ಕಾಳು ಗಟ್ಟಿ ಉಳಿದರೆ ಅದು ಹಳೆಯ ಕಾಳು, ಮುಂದಿನ ಸಲ ಅಂಗಡಿ ಬದಲಿಸಿ. ಹುಳಿ ಮಾತ್ರ ಬೆಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಕಾಳಿನ ಸಿಪ್ಪೆ ಬಿಗಿಯುತ್ತದೆ.

ಅನ್ನಕ್ಕೆ ಹಳೆಯ ಕಂಬಳಿಯ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಬುಟ್ಟಿ ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆಗೆ ಕಂಬಳಿ ಹಾಸಿ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ನೀರು ಹಾಕಿ, ಮುಚ್ಚಳ ಮುಚ್ಚಿ ಐದಾರು ನಿಮಿಷ ಚೆನ್ನಾಗಿ ಕುದಿಸಿ. ಕೂಡಲೇ ಪಾತ್ರೆಯನ್ನು ಬುಟ್ಟಿಗಿಳಿಸಿ ಮೇಲೂ ಸುತ್ತಲೂ ಕಂಬಳಿ ಹೊದಿಸಿ. ಮುಕ್ಕಾಲು ಗಂಟೆಯಲ್ಲಿ ಅನ್ನ ಆಗಿರುತ್ತದೆ. ನೀರು ಮಾಮೂಲಿಗಿಂತ ಸ್ವಲ್ಪ ಕಡಿಮೆ ಸಾಕು, ಆವಿಯಾಗುವುದಿಲ್ಲವಲ್ಲ. ಇದು ಕೆಡುವುದು ಮೂರು ಕಾರಣಕ್ಕೆ: ಪಾತ್ರೆ ಅರ್ಧವೂ ತುಂಬಿರುವುದಿಲ್ಲ, ತೆಳು ಅಲ್ಯೂಮಿನಿಯಂ ಪಾತ್ರೆ ಬೇಗ ತಣಿಯುತ್ತದೆ, ಇಲ್ಲವೇ ಆಗಿದೆಯಾ ಎಂದು ನಡುವೆ ಮುಚ್ಚಳ ತೆಗೆದು ನೋಡುತ್ತೀರಿ. ಬೆಳಗ್ಗೆ ಇಟ್ಟದ್ದನ್ನು ಸಂಜೆಯವರೆಗೆ ಕಂಬಳಿಯಲ್ಲೇ ಬಿಡಬೇಡಿ. ಉಗುರುಬೆಚ್ಚಗೆ ಉಳಿದ ಅನ್ನ ಬೇಗ ಹಳಸುತ್ತದೆ, ಎರಡು-ಮೂರು ಗಂಟೆಯೊಳಗೆ ಉಣ್ಣಬೇಕು.

ಪಾತ್ರೆಯ ತಳ ದಾಟಿ ಉರಿ ಬದಿಗೆ ಬರುತ್ತಿದ್ದರೆ ಅದು ಗೋಡೆ ಕಾಯಿಸುವ ಗ್ಯಾಸ್. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿನ ತೂತು ಕಟ್ಟಿದೆ, ತೆಗೆದು ಸೋಪಿನ ನೀರಿನಲ್ಲಿ ಉಜ್ಜಿ, ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಹಾಕಿ. ಸಿಲಿಂಡರ್ ಬಂದಾಗ ತೂಕ ಮಾಡಿಸಿ. ಖಾಲಿ ತೂಕ ಅದರ ಮೇಲೆಯೇ ಬರೆದಿರುತ್ತದೆ, ಅದಕ್ಕೆ 14.2 ಕೂಡಿಸಿದಷ್ಟು ಇರಬೇಕು. ರಬ್ಬರ್ ಪೈಪು ಐದು ವರ್ಷಕ್ಕೊಮ್ಮೆ ಬದಲಾಗಲಿ, ಅಲ್ಲಿ ಉಳಿತಾಯ ಬೇಡ. ಇಷ್ಟು ಮಾಡಿದರೆ 32 ದಿನ 42 ಆಗುವುದು ಕಷ್ಟವಲ್ಲ, ವರ್ಷಕ್ಕೆ 11 ಸಿಲಿಂಡರ್ ಇದ್ದದ್ದು 9ಕ್ಕೆ ಬರುತ್ತದೆ.

ಇನ್ನು ಸೌದೆ. ಮಳೆಗಾಲದ ಬಜೆಟ್ ಗೆಲ್ಲುವುದು ಸೋಲುವುದು ಇಲ್ಲೇ, ಆದರೆ ಹೆಚ್ಚಿನ ಮನೆಗಳಲ್ಲಿ ಇದನ್ನು ಮೇ ಕೊನೆಯಲ್ಲಿ ನೆನೆಯುತ್ತಾರೆ. ಆಗಷ್ಟೇ ಕಡಿದ ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ಬೆಂಕಿಯ ಶಕ್ತಿ ಮೊದಲು ಆ ನೀರನ್ನು ಹಬೆ ಮಾಡಿ ಓಡಿಸಬೇಕು, ಉಳಿದದ್ದು ಹಂಡೆಗೆ. ನಾಲ್ಕು ಜನರ ಸ್ನಾನದ ನೀರಿಗೆ ಚೆನ್ನಾಗಿ ಒಣಗಿದ ಸೌದೆ ದಿನಕ್ಕೆ ಸುಮಾರು 3 ಕಿಲೋ ಸಾಕು, ಹಸಿಯಾದರೆ ಅದರ ಎರಡರಷ್ಟು ಬೇಕು, ಹೊಗೆ ಬೇರೆ. 120 ದಿನಕ್ಕೆ ಲೆಕ್ಕ ಹಾಕಿದರೆ 360 ಕಿಲೋ ಒಣ ಸೌದೆ. ಅಡುಗೆಯ ಒಂದು ಭಾಗವನ್ನೂ ಸೌದೆಯಲ್ಲಿ ಮಾಡುವುದಾದರೆ 500 ಕಿಲೋ ಕೂಡಿಡಿ.

ಇದನ್ನು ಕೂಡಿಡುವ ಸಮಯ ಫೆಬ್ರವರಿ, ಮಾರ್ಚ್. ಕುಯ್ಲು ಮುಗಿದು ಕಾಫಿ ಕಸಿ ಮಾಡುವಾಗ (ಗಿಡದ ಬೇಡದ ರೆಂಬೆ ಸವರುವಾಗ) ಬೀಳುವ ಕಾಫಿ ಕಡ್ಡಿ ಒಳ್ಳೆಯ ಸೌದೆ, ಗಟ್ಟಿ ಕೆಂಡ ಕೊಡುತ್ತದೆ. ತೋಟದ ಮಾಲೀಕರನ್ನೋ ಲೆಕ್ಕ ಬರೆಯುವ ರೈಟರನ್ನೋ ಕೇಳಿಯೇ ತನ್ನಿ. ಸಾಲು ಬಿಡಿಸಿ ಕೊಡುತ್ತೇವೆ ಎಂದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಮೇ ತಿಂಗಳ ಮರಗಸಿಯಲ್ಲಿ ನೆರಳುಮರದಿಂದ ಇಳಿಸಿದ ಕೊಂಬೆ ಬೇಕಾದಷ್ಟು ಸಿಗುತ್ತದೆ. ಅದನ್ನೂ ತನ್ನಿ, ಆದರೆ ಮುಂದಿನ ವರ್ಷಕ್ಕೆ ಎಂದು ಬೇರೆಯೇ ಇಡಿ. ಮೇಯಲ್ಲಿ ಕಡಿದದ್ದು ಜೂನಿಗೆ ಒಣಗಿರುವುದಿಲ್ಲ. ಎರಡನ್ನೂ ಬೆರೆಸಿ ಒಟ್ಟಿದರೆ ಒಣಗಿದ್ದೂ ತೇವ ಕುಡಿಯುತ್ತದೆ. ಇದು ಪ್ರತಿ ವರ್ಷ ನಡೆಯುವ ತಪ್ಪು.

ಮಣಿಕಟ್ಟಿನ ಗಾತ್ರಕ್ಕಿಂತ ದಪ್ಪದ್ದನ್ನು ಸೀಳಿ. ಸೀಳದ ದುಂಡು ಸೌದೆಯ ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲ. ಎರಡು ಸಾಲು ಕಲ್ಲು ಅಥವಾ ಇಟ್ಟಿಗೆ ಇಟ್ಟು ನೆಲದಿಂದ ಅರ್ಧ ಅಡಿ ಮೇಲೆ ಒಟ್ಟಿ, ಗೋಡೆಗೆ ತಾಗಿಸಬೇಡಿ, ನಡುವೆ ಗಾಳಿ ಆಡಲಿ. ಮೇಲಿನ ಸಾಲಿನಲ್ಲಿ ತೊಗಟೆ ಮೇಲಾಗಿರಲಿ. ಟಾರ್ಪಾಲು ಹೊದಿಸುವಾಗ ಮೇಲ್ಭಾಗಕ್ಕೆ ಮತ್ತು ಮಳೆ ಬೀಸುವ ಬದಿಗೆ ಮಾತ್ರ. ಸುತ್ತಲೂ ಬಿಗಿದು ಕಟ್ಟಿದರೆ ಒಳಗೆ ಬೆವರಿ ಅಣಬೆ ಏಳುತ್ತದೆ. ಒಣಗಿದೆಯೇ ಎಂದು ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಠಣ್ ಎಂದರೆ ಒಣಗಿದೆ, ದಬ್ ಎಂದರೆ ಇಲ್ಲ. ತುದಿಯಲ್ಲಿ ಬಿರುಕು ಕಾಣಬೇಕು. ಮಳೆ ಹಿಡಿದ ಮೇಲೆ ನಾಳೆಯ ಸೌದೆ ಇಂದೇ ಒಲೆಯ ಪಕ್ಕಕ್ಕೆ ಬರಲಿ, ಮೂರು ದಿನದ್ದು ಒಲೆಯ ಮೇಲಿನ ಅಟ್ಟದಲ್ಲಿರಲಿ.

ಬಿಸಿನೀರಿಗೆ ಕರೆಂಟು ಉಚಿತವಲ್ಲವೇ ಎಂದು ಕೇಳುವವರಿದ್ದಾರೆ. ಗೃಹಜ್ಯೋತಿಯಲ್ಲಿ ನಿಮ್ಮ ಮೀಟರಿಗೆ ನಿಗದಿಯಾದ ಯೂನಿಟ್ 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಇರುತ್ತದೆ, ಬಿಲ್ಲಿನಲ್ಲೇ ಬರೆದಿರುತ್ತದೆ. ಅದನ್ನು ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಹಂಡೆಯ ಅದೇ 60 ಲೀಟರನ್ನು ವಾಟರ್ ಹೀಟರ್ ರಾಡಿನಲ್ಲಿ ಕಾಯಿಸಿದರೆ ದಿನಕ್ಕೆ ಒಂದು ಮುಕ್ಕಾಲು ಯೂನಿಟ್, ತಿಂಗಳಿಗೆ 50ರ ಮೇಲೆ. ಸಣ್ಣ ಮನೆಗಳ ನಿಗದಿ ಅಷ್ಟರಲ್ಲೇ ಮುಗಿಯುತ್ತದೆ. ಬಾಡಿಗೆದಾರರಿಗೂ ಈ ಸೌಲಭ್ಯ ಇದೆ. ಮೀಟರ್ ನಿಮ್ಮ ಆಧಾರಿಗೆ ಜೋಡಣೆಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಅಗ್ಗಿಷ್ಟಿಕೆಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಟ್ಟೆ ಒಣಗಿಸಲು, ಚಳಿ ಕಾಯಲು ಕೆಂಡದ ಅಗ್ಗಿಷ್ಟಿಕೆ ಒಳ್ಳೆಯದೇ, ಬಚ್ಚಲು ಒಲೆಯ ಕೆಂಡ ಹೇಗೂ ಸಿಗುತ್ತದೆ. ಆದರೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನಿಟ್ಟು ಮಲಗಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಎರಡು ಕಿಟಕಿ ತೆರೆದಿರಲಿ, ಮಲಗುವ ಮೊದಲು ಹೊರಗಿಡಿ. ಬಟ್ಟೆಯನ್ನು ಹಿಂಡಿದ ಮೇಲೆ ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ, ಆಮೇಲೆ ಬಿಸಿಗಿಡಿ. ಒದ್ದೆ ಸಮವಸ್ತ್ರಕ್ಕೆ ಇಸ್ತ್ರಿ ಒತ್ತಿ ಒಣಗಿಸುವುದು ಕರೆಂಟಿನ ದಂಡ. ಘಟ್ಟದ ನೀರು ಮೆದು, ಸೋಪು ಬೇಗ ನೊರೆ ಬರುತ್ತದೆ. ಸೋಪಿನ ಪುಡಿ ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ ಹಾಕಿ ನೋಡಿ, ಹೆಚ್ಚಾದ ಪುಡಿ ಜಾಲಿಸಲು ಇನ್ನೆರಡು ಬಕೆಟ್ ನೀರು ಕೇಳುತ್ತದೆ. ಶಾಲೆಯ ಶೂ ಒಲೆಯ ಪಕ್ಕ ಇಟ್ಟರೆ ಅಂಟು ಬಿಟ್ಟು ಅಡಿ ಕಿತ್ತುಬರುತ್ತದೆ. ಹಳೆಯ ಪತ್ರಿಕೆ ತುರುಕಿ, ಗಂಟೆಗೊಮ್ಮೆ ಕಾಗದ ಬದಲಿಸಿ.

ಮಳೆಗೆ ಮುಂಚೆ ತರುವ ದಿನಸಿಯಲ್ಲಿ ಜಾಣತನ ಬೇಕು. ಹುಣಸೆ, ಬ್ಯಾಡಗಿ ಮೆಣಸಿನಕಾಯಿ ಹೊಸ ಬೆಳೆ ಬರುವುದು ಫೆಬ್ರವರಿಯಿಂದ ಏಪ್ರಿಲ್. ಮಾರ್ಚಿನ ಸಂತೆಯಲ್ಲಿ ತನ್ನಿ. ಮಳೆಯ ನಾಲ್ಕು ತಿಂಗಳಿಗೆ ನಾಲ್ಕು ಜನಕ್ಕೆ ಹುಣಸೆ 1 ಕಿಲೋ, ಮೆಣಸಿನಕಾಯಿ 1.5 ಕಿಲೋ, ಕೊತ್ತಂಬರಿ 1.5 ಕಿಲೋ, ಉಪ್ಪು 4 ಕಿಲೋ ಸಾಕಾಗುತ್ತದೆ. ಇವನ್ನು ಇಡಿಯಾಗಿಯೇ ಇಡಿ, 15 ದಿನಕ್ಕೆ ಬೇಕಾದಷ್ಟು ಮಾತ್ರ ಪುಡಿ ಮಾಡಿ. ಪುಡಿ ಮಳೆಯ ಗಾಳಿಗೆ ಗಂಟುಕಟ್ಟುತ್ತದೆ. ಏಪ್ರಿಲ್ ಬಿಸಿಲಿಗೆ ಎರಡು ದಿನ ಒಣಗಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಾಗಿ ತುಂಬಿದರೆ ಒಳಗೆ ನೀರಾಡಿ ಬೂಷ್ಟು ಹಿಡಿಯುತ್ತದೆ. ಒಂದು ದೊಡ್ಡ ಡ್ರಮ್ಮಿನ ಬದಲು ಮೂರು ಚಿಕ್ಕ ಡಬ್ಬಿ ಒಳ್ಳೆಯದು, ತೆರೆದಾಗಲೆಲ್ಲ ತೇವ ನುಗ್ಗುವುದು ಒಂದಕ್ಕೇ. ಬೇಳೆಯೂ ಹೀಗೇ. ಬೆಲ್ಲ ಮಾತ್ರ ತಿಂಗಳಿಗಿಂತ ಹೆಚ್ಚು ತರಬೇಡಿ, ನೀರೊಡೆಯುತ್ತದೆ.

ಒಣಮೀನನ್ನೂ ಮೇ ಒಳಗೆ ತನ್ನಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಆಗ ಹಸಿಮೀನು ದುಬಾರಿ, ಒಣಮೀನಿನ ಬೆಲೆಯೂ ಏರುತ್ತದೆ. ತಂದ ಮೇಲೆ ಇನ್ನೊಂದು ಬಿಸಿಲು ಕಾಣಿಸಿ, ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಮೈ ಅಂಟಂಟಾಗಿ ಗುಲಾಬಿ ಬಣ್ಣದ ಮಚ್ಚೆ ಎದ್ದರೆ ಎಸೆಯಿರಿ, ತೊಳೆದು ಬಳಸಬೇಡಿ.

ತರಕಾರಿಯಲ್ಲಿ ಬೇಸಿಗೆಯಿಂದ ಮಳೆಗೆ ದಾಟಿಸಬಹುದಾದವು ಸಿಹಿಗುಂಬಳ, ಬೂದಿಗುಂಬಳ, ಮಂಗಳೂರು ಸೌತೆ. ಬಲಿತದ್ದನ್ನು ತೊಟ್ಟು ಸಮೇತ ಆರಿಸಿ, ಬಾಳೆನಾರಿನಲ್ಲಿ ಕಟ್ಟಿ ಒಂದಕ್ಕೊಂದು ತಾಗದಂತೆ ಅಟ್ಟದಲ್ಲಿ ತೂಗಹಾಕಿ. ತೊಟ್ಟು ಮುರಿದದ್ದು, ಗಾಯವಾದದ್ದು ಮೊದಲು ಖರ್ಚಾಗಲಿ. ಹಲಸಿನಕಾಯಿ ಏಪ್ರಿಲ್, ಮೇಯಲ್ಲಿ ಬಹುತೇಕ ಪುಕ್ಕಟೆ ಸಿಗುತ್ತದೆ. ಬಲಿತ ಕಾಯಿಯ ಸೊಳೆಯನ್ನು 4 ಕಿಲೋಗೆ 1 ಕಿಲೋ ಕಲ್ಲುಪ್ಪಿನಂತೆ ಪದರ ಪದರವಾಗಿ ಭರಣಿಗೆ ತುಂಬಿ, ಮೇಲೆ ಭಾರ ಇಡಿ. ಬಿಟ್ಟ ನೀರಿನಲ್ಲಿ ಸೊಳೆ ಪೂರ್ತಿ ಮುಳುಗಿರಬೇಕು, ಮೇಲೆ ತೇಲಿದ್ದು ಕೆಡುತ್ತದೆ. ಬಳಸುವಾಗ ರಾತ್ರಿಯಿಡೀ ನೀರಲ್ಲಿ ಹಾಕಿ ಉಪ್ಪು ಬಿಡಿಸಿ. ಕಾಡುಮಾವಿನಕಾಯಿಯನ್ನೂ ಹೀಗೇ ಉಪ್ಪಿಗೆ ಹಾಕಬಹುದು. ಹಲಸಿನ ಬೀಜ ಎಸೆಯಬೇಡಿ: ತೊಳೆದು, ನೆರಳಲ್ಲಿ ಮೂರು ದಿನ ಆರಿಸಿ, ಕೆಮ್ಮಣ್ಣು ಸವರಿ ಒಣಗಿಸಿಟ್ಟರೆ ಆಗಸ್ಟ್‌ವರೆಗೆ ಸಾರಿಗಾಗುತ್ತದೆ.

ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ನೆಲವೇ ಕೊಡುವ ಊಟ ಕೊಡಗಿನಲ್ಲಿ ಕಡಿಮೆಯಿಲ್ಲ, ಆದರೆ ಪ್ರತಿಯೊಂದಕ್ಕೂ ಕ್ರಮ ಇದೆ. ಕಳಲೆಯನ್ನು (ಎಳೆ ಬಿದಿರು) ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಕುದಿಸಿ ಆ ನೀರನ್ನೂ ಚೆಲ್ಲಿ ಆಮೇಲೆ ಬೈಂಬಳೆ ಕರಿ ಮಾಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷವಿದೆ, ಅವಸರ ಮಾಡಿದರೆ ವಾಂತಿ, ತಲೆಸುತ್ತು ಬರುತ್ತದೆ. ರಕ್ಷಿತಾರಣ್ಯದಿಂದ ತರಬೇಡಿ, ದಂಡ ಕಟ್ಟಿದರೆ ಉಳಿತಾಯವೆಲ್ಲ ಅಲ್ಲೇ ಹೋಯಿತು. ಕೆಸುವಿನ ಎಲೆ, ದಂಟು ಬಾಯಿ ಕಡಿಸುವುದು ಅದರಲ್ಲಿರುವ ಸೂಜಿಯಂಥ ಹರಳುಗಳಿಂದ. ಕಾಚಂಪುಳಿಯೋ (ಕೊಡಗಿನ ಕಪ್ಪು ಹುಳಿರಸ) ಹುಣಸೆಯೋ ಹಾಕಿ ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತದೆ. ಅಣಬೆಯಲ್ಲಿ ಮಾತ್ರ ಧೈರ್ಯ ಬೇಡ. ಮನೆಯ ಹಿರಿಯರು ವರ್ಷವರ್ಷ ಒಂದೇ ಜಾಗದಿಂದ ತಂದು ತಿನ್ನುವ ಜಾತಿ ಬಿಟ್ಟು ಬೇರೆ ಬೇಡವೇ ಬೇಡ. ಬೆಳ್ಳುಳ್ಳಿ ಕಪ್ಪಾಗದಿದ್ದರೆ ವಿಷವಲ್ಲ ಎಂಬ ಪರೀಕ್ಷೆ ಸುಳ್ಳು.

ಪಡಿತರದ ಅಕ್ಕಿ ಊಟಕ್ಕೆ ಹಿಡಿಸದಿದ್ದರೆ ಮಾರಿಬಿಡಬೇಡಿ. ತೊಳೆದು ನೆರಳಲ್ಲಿ ಆರಿಸಿ ತರಿ ಒಡೆಸಿ. ಒಂದು ಅಳತೆ ತರಿಗೆ ಎರಡು ಅಳತೆ ನೀರು ಕುದಿಸಿ, ಉಪ್ಪು ಹಾಕಿ, ತರಿ ಸುರಿದು ಕೆದಕಿ ಉಂಡೆ ಕಟ್ಟಿ ಹಬೆಯಲ್ಲಿ 20 ನಿಮಿಷ ಇಟ್ಟರೆ ಕಡಂಬುಟ್ಟು. ಉಂಡೆ ಬಿರಿದರೆ ನೀರು ಕಡಿಮೆಯಾಗಿದೆ. ರಾತ್ರಿಯ ಅನ್ನ ಮಿಕ್ಕರೆ ಬೆಳಗ್ಗೆ ಅಷ್ಟೇ ಅಳತೆ ಅಕ್ಕಿಹಿಟ್ಟು ಸೇರಿಸಿ, ಬಿಸಿನೀರು ಚಿಮುಕಿಸಿ ನಾದಿ ಅಕ್ಕಿರೊಟ್ಟಿ ತಟ್ಟಿ. ಹಿಟ್ಟೊಂದರಿಂದಲೇ ಮಾಡಿದ್ದಕ್ಕಿಂತ ಇದು ಮೆದುವಾಗಿ ಬರುತ್ತದೆ. ಬೇಕರಿಯ ಅರ್ಧ ಖರ್ಚನ್ನು ನಿಲ್ಲಿಸುವುದು ಸಂಜೆ ನಾಲ್ಕಕ್ಕೆ ಶಾಲೆಯಿಂದ ಬರುವ ಮಕ್ಕಳ ಕೈಗೆ ಸಿಗುವ ಇಂಥ ಬಿಸಿ ತಿಂಡಿಯೇ.

ಸಂತೆಗೆ ಹೋಗುವ ದಿನ ಶಕ್ತಿ ಯೋಜನೆಯ ಬಸ್ಸಿನಲ್ಲಿ ನೀವು ಹೋದರೆ ಟಿಕೆಟಿನ ಖರ್ಚಿಲ್ಲ. ಮಡಿಕೇರಿಯಲ್ಲಿ ಶುಕ್ರವಾರದ ಸಂತೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಸೊಪ್ಪು, ಟೊಮೆಟೊ ಬೆಲೆ ಇಳಿಸಿ ಕೊಡುತ್ತಾರೆ, ಆದರೆ ಮಳೆಯ ದಿನ ಆ ಹೊತ್ತಿನ ಸೊಪ್ಪು ನೆನೆದಿರುತ್ತದೆ, ಮರುದಿನಕ್ಕೆ ಕೊಳೆಯುತ್ತದೆ. ಈರುಳ್ಳಿ, ಆಲೂಗಡ್ಡೆ ಒಟ್ಟಿಗೆ ಇಡಬೇಡಿ, ಎರಡೂ ಬೇಗ ಮೊಳೆಯುತ್ತವೆ.

ಫ್ರಿಜ್ ಈ ವರ್ಷ ಬೇಡ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಎರಡು-ಮೂರು ದಿನ ಕರೆಂಟಿಲ್ಲದಿರುವುದು ನಿಮ್ಮ ಕಡೆ ಹೊಸದಲ್ಲ. ತುಂಬಿಟ್ಟ ಮಾಂಸ, ಮೀನು ಆಗಲೇ ಕೆಡುವುದು. ಜೂನಿನಿಂದ ಜನವರಿಯವರೆಗೆ ಇಲ್ಲಿನ ತಂಪಿಗೆ ತರಕಾರಿ ಬುಟ್ಟಿಯಲ್ಲೇ ನಾಲ್ಕು ದಿನ ಇರುತ್ತದೆ. ಕಷ್ಟವಾಗುವುದು ಮಾರ್ಚ್‌ನಿಂದ ಮೇ ಮಾತ್ರ. ಅದಕ್ಕೆ ಒಂದು ಅಗಲ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಬೆಳಗ್ಗೆ ಸಂಜೆ ಮರಳಿಗೆ ನೀರು ಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚಿದರೆ ಹಾಲು, ಸೊಪ್ಪು ಒಂದು ದಿನ ಹೆಚ್ಚು ಬಾಳುತ್ತವೆ. ಗಾಳಿಯಾಡುವ ನೆರಳಿನಲ್ಲಿಡಬೇಕು. ಮಳೆಗಾಲದಲ್ಲಿ ಇದು ಕೆಲಸ ಮಾಡುವುದಿಲ್ಲ, ಗಾಳಿಯಲ್ಲೇ ತೇವ ತುಂಬಿರುವುದರಿಂದ ನೀರು ಆರಿ ತಂಪಾಗುವುದಿಲ್ಲ. ಮುಂದಿನ ಸೆಪ್ಟೆಂಬರಿನಲ್ಲಿ ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಏನೂ ಇಲ್ಲದಿದ್ದರೆ, ಆಮೇಲಿನ ಕುಯ್ಲಿನ ದುಡ್ಡಿನಲ್ಲಿ ಫ್ರಿಜ್ಜನ್ನು ನಗದು ಕೊಟ್ಟೇ ತರಬಹುದು.